ಸಹಾಯ ಬೇಕು: ಏಕಾಂಡ ವೀಣೆಯೇ ಬೇಕಾ, ಜೋಡಿಸಿದ್ದು ಸಾಕಾ?

ಎಲ್ಲರಿಗೂ ನಮಸ್ಕಾರ. ಮಗಳು ಸಂಗೀತದ ಜೂನಿಯರ್ ಪರೀಕ್ಷೆಗೆ ವೀಣೆ ಅಭ್ಯಾಸ ಮಾಡುತ್ತಿದ್ದಾಳೆ. ಇಷ್ಟು ದಿನ ಮೇಡಂ ಮನೆಯ ವೀಣೆಯಲ್ಲೇ ನಡೆಯಿತು, ಈಗ ಸ್ವಂತದ್ದು ಕೊಳ್ಳಬೇಕು. ಒಂದೇ ಹಲಸಿನ ದಿಮ್ಮಿಯಲ್ಲಿ ಕೊರೆದ ಏಕಾಂಡ ವೀಣೆಯೇ ತಗೊಳ್ಳಿ, ಅದರ ನಾದವೇ ಬೇರೆ ಅಂತ ನೆಂಟರ ಒತ್ತಾಯ. ಕೊಡ (ನಾದ ಹೊಮ್ಮುವ ದುಂಡನೆಯ ಭಾಗ), ದಂಡಿ (ಉದ್ದನೆಯ ಕತ್ತು) ಬೇರೆ ಬೇರೆ ಮಾಡಿ ಜೋಡಿಸಿದ್ದಕ್ಕೆ ಬೆಲೆ ತುಂಬಾ ಕಡಿಮೆ. ಬೆಲೆ ಕೇಳಿಯೇ ಮೂಗು ಮುರಿಯುವವರು ಜಾಸ್ತಿ, ನುಡಿಸಿ ನೋಡುವವರು ಕಡಿಮೆ ಅಲ್ವಾ!

ಅಂಗಡಿಯಲ್ಲಿ ಮಗಳು ಎರಡನ್ನೂ ನುಡಿಸಿದಳು. ದುಬಾರಿ ಏಕಾಂಡ ವೀಣೆಯ ತುದಿಯ ಯಾಳಿ (ಸಿಂಹದಂಥ ಕಾಲ್ಪನಿಕ ಪ್ರಾಣಿ) ಮುಖ, ಕೆತ್ತನೆ ಎಲ್ಲ ಚೆಂದ. ಆದರೆ ತಾರ ಷಡ್ಜದ, ಅಂದರೆ ಮೇಲಿನ ಸ ಸ್ವರದ, ಹತ್ತಿರ ಒಂದು ಮೆಟ್ಟಿಲಲ್ಲಿ (ತಂತಿ ಒತ್ತುವ ಲೋಹದ ಪಟ್ಟಿ) ತಂತಿ ಝರ್ ಅನ್ನುತ್ತಿತ್ತು. ಅಗ್ಗದ್ದರಲ್ಲಿ 24 ಮೆಟ್ಟಿಲೂ ಸರಿಯಾಗಿದ್ದವು. ಗಮಕಕ್ಕೆ (ಸ್ವರ ಅಲುಗಿಸಲು) ತಂತಿ ಎಳೆದಾಗಲೂ ಶ್ರುತಿ ಇಳಿಯಲಿಲ್ಲ. ಮೆಟ್ಟಿಲು ಕೂರುವುದು ಮೇಣದ ಮೇಲೆ, ಮತ್ತೆ ಕೂರಿಸಬಹುದು ನಿಜ. ಹೊಸ ವೀಣೆಗೆ ಅಷ್ಟು ದುಡ್ಡು ಕೊಟ್ಟು ಅದನ್ನೂ ನಾವೇ ಮಾಡಿಸಬೇಕಾ?

ಜೋಡಿಸಿದ ವೀಣೆ ಮನೆಯಲ್ಲಿರುವವರು ದಯವಿಟ್ಟು ಹೇಳಿ. ಕೆಲವು ವರ್ಷದಲ್ಲಿ ಜೋಡಿಸಿದ ಜಾಗ ಬಿಟ್ಟುಕೊಳ್ಳುತ್ತದಾ? ಮಳೆಗಾಲದಲ್ಲಿ ದಂಡಿ ಬಾಗುತ್ತದಾ? ಬಳಸಿದ ಏಕಾಂಡ ವೀಣೆ ಸಿಕ್ಕರೆ ಏನೇನು ನೋಡಿ ಕೊಳ್ಳಬೇಕು? ಬೆಂಗಳೂರಿನಲ್ಲಿ ಮೆಟ್ಟಿಲು ಚೆನ್ನಾಗಿ ಕೂರಿಸುವವರು ಗೊತ್ತಿದ್ದರೆ ಅದನ್ನೂ ತಿಳಿಸಿ. ಪರೀಕ್ಷೆ ಹತ್ತಿರ ಬಂತು, ಸ್ವಲ್ಪ ಬೇಗ ಹೇಳಿದರೆ ಉಪಕಾರ.