ಮಿನೆಸೋಟಾದ ಮೊದಲ ವಸಂತ: ಚಳಿಯ ಬಟ್ಟೆ ಯಾವಾಗ ಒಳಗಿಡಬೇಕು?

ಪ್ರಶ್ನೆ
ಕಳೆದ ಆಗಸ್ಟ್‌ನಲ್ಲಿ ಹುಬ್ಬಳ್ಳಿಯಿಂದ ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ಗೆ ಬಂದಿದ್ದೇವೆ. ಏಪ್ರಿಲ್ ಮೊದಲ ವಾರ ತಂದೆ-ತಾಯಿ ಇಲ್ಲಿಗೆ ಬರಲಿದ್ದಾರೆ. ಮಾರ್ಚ್ ಕೊನೆಯವರೆಗೆ ಹಿಮ ಮತ್ತು ಚಳಿ ಮುಂದುವರಿಯಲಿದ್ದು, ಏಪ್ರಿಲ್ ನಡುವಿನಿಂದ ವಾಡಿಕೆಗಿಂತ ಬೆಚ್ಚಗಿರುವ ಸಾಧ್ಯತೆ ಹೆಚ್ಚು ಎಂದು ಹವಾಮಾನ ಮುನ್ನೋಟ ಹೇಳುತ್ತಿದೆ. ಹಾಗಾದರೆ ಅವರಿಗೆ ದಪ್ಪ ಕೋಟು ಕೊಳ್ಳುವುದು ಬೇಡವೇ? ಕಾರಿನ ಚಳಿಗಾಲದ ಟೈರು ಯಾವಾಗ ಬದಲಿಸಬೇಕು? ಬಾಡಿಗೆ ಮನೆಗೆ ನೆಲಮಾಳಿಗೆಯೂ ಪುಟ್ಟ ಹಿತ್ತಲೂ ಇವೆ. ಅಮ್ಮನಿಗೆ ಏನಾದರೂ ಬೆಳೆಸುವ ಆಸೆ. ಸುಪೀರಿಯರ್ ಸರೋವರದ ದಡದ ಡುಲೂತ್‌ಗೂ ಕರೆದೊಯ್ಯಬೇಕೆಂದಿದ್ದೇವೆ. ಅನುಭವಿಗಳು ದಯವಿಟ್ಟು ತಿಳಿಸಿ.

ಬ್ಲೂಮಿಂಗ್ಟನ್‌ನಿಂದ
ಮುನ್ನೋಟವನ್ನು ಓದುವ ಬಗೆ ತಿಳಿಯದೆ ನಾನು ತೊಂದರೆಪಟ್ಟಿದ್ದೇನೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ನಕ್ಷೆಯಲ್ಲಿ ನಿಮ್ಮ ಊರಿನ ಮೇಲೆ ಶೇ 40 ಎಂದು ಬರೆದಿದ್ದರೆ ಬಿಸಿ ಶೇ 40ರಷ್ಟು ಹೆಚ್ಚಾಗುತ್ತದೆ ಎಂದು ಅರ್ಥವಲ್ಲ. ವಾಡಿಕೆಗಿಂತ ಬೆಚ್ಚಗೆ, ವಾಡಿಕೆಯಂತೆ, ವಾಡಿಕೆಗಿಂತ ತಣ್ಣಗೆ ಎಂಬ ಮೂರು ಪಾಲುಗಳಿಗೂ ಮೊದಲಿಗೆ ಸರಿಸಮನಾಗಿ ಶೇ 33ರ ಅವಕಾಶವಿರುತ್ತದೆ. ಅವುಗಳಲ್ಲಿ ಬೆಚ್ಚಗಿನ ಪಾಲು 40ಕ್ಕೆ ಏರಿದೆ ಎಂದಷ್ಟೇ ಅದು ಹೇಳುತ್ತದೆ, ಉಳಿದ ಶೇ 60 ಇನ್ನೆರಡು ಪಾಲುಗಳಲ್ಲಿ ಹಾಗೆಯೇ ಇದೆ. ಇನ್ನು ವಾಡಿಕೆ ಎಂದರೆ 1991ರಿಂದ 2020ರವರೆಗಿನ 30 ವರ್ಷಗಳ ಸರಾಸರಿ. ನಮ್ಮ ಅವಳಿ ನಗರಗಳಾದ ಮಿನಿಯಾಪೊಲಿಸ್-ಸೇಂಟ್ ಪಾಲ್‌ನಲ್ಲಿ ಏಪ್ರಿಲ್‌ನ ಸರಾಸರಿ ಗರಿಷ್ಠ ತಾಪಮಾನ ಸುಮಾರು 14 ಡಿಗ್ರಿ ಸೆಲ್ಸಿಯಸ್, ಕನಿಷ್ಠ ಸುಮಾರು 3 ಡಿಗ್ರಿ. ಅದಕ್ಕಿಂತ ಎರಡು ಡಿಗ್ರಿ ಹೆಚ್ಚಾದರೂ ಹುಬ್ಬಳ್ಳಿಯಿಂದ ಬಂದಿಳಿದವರಿಗೆ ಅದು ಗಡಗಡ ನಡುಗಿಸುವ ಚಳಿಯೇ.

ಇಡೀ ತಿಂಗಳ ಸರಾಸರಿಯೊಳಗೆ ಒಂದು ದೊಡ್ಡ ಹಿಮಪಾತ ಸುಲಭವಾಗಿ ಅಡಗಿಕೊಳ್ಳಬಲ್ಲದು ಎಂಬುದನ್ನೂ ನೆನಪಿಡಿ. 2018ರಲ್ಲಿ ಯುಗಾದಿ ಮುಗಿದ ಮೇಲೆ ನಾನು ಕೋಟುಗಳನ್ನೆಲ್ಲ ತೊಳೆದು ಕಪಾಟಿನ ಮೇಲಿನ ಅಂಕಣಕ್ಕೆ ಸೇರಿಸಿ, ಹಿಮ ತೆಗೆಯುವ ಸಲಿಕೆಯನ್ನೂ ಗ್ಯಾರೇಜಿನ ಮೂಲೆಗೆ ತಳ್ಳಿದ್ದೆ. ಏಪ್ರಿಲ್ 13ರಿಂದ 16ರವರೆಗೆ ವಿಮಾನ ನಿಲ್ದಾಣದಲ್ಲಿ 15.8 ಇಂಚು ಹಿಮ ಬಿತ್ತು. ಶನಿವಾರ ಕೆಲಹೊತ್ತು ರನ್‌ವೇಗಳನ್ನೇ ಮುಚ್ಚಬೇಕಾಯಿತು. ಆ ತಿಂಗಳ ಒಟ್ಟು ಹಿಮ 26.1 ಇಂಚು, ಏಪ್ರಿಲ್ ಮಟ್ಟಿಗೆ ಅದು ದಾಖಲೆ. ಅದೇ ವರ್ಷ ಮೇ 28ರಂದು ತಾಪಮಾನ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಎರಡರ ನಡುವೆ ಆರು ವಾರಗಳ ಅಂತರ. ಇದಕ್ಕೆ ತದ್ವಿರುದ್ಧವಾಗಿ 2012ರಲ್ಲಿ ಮಾರ್ಚ್ 17ಕ್ಕೇ 80 ಡಿಗ್ರಿ ಫ್ಯಾರನ್‌ಹೀಟ್ ಆಗಿತ್ತು.

ಆದ್ದರಿಂದ ಇಬ್ಬರಿಗೂ ಕೋಟು ಕೊಳ್ಳಿ. ಋತು ಮುಗಿಯುತ್ತಿರುವುದರಿಂದ ಮಾರ್ಚ್‌ನಲ್ಲಿ ಬೆಲೆಯೂ ಇಳಿದಿರುತ್ತದೆ. ಟೈರನ್ನು ದಿನಾಂಕ ನೋಡಿ ಬದಲಿಸಬೇಡಿ. ಬೆಳಗಿನ ತಾಪಮಾನವೂ 7 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ನೆಲೆನಿಂತ ಬಳಿಕವೇ ಬದಲಿಸಿ. ನಾನು ಈಗ ಮೇ ಮೊದಲ ವಾರದವರೆಗೆ ಕಾಯುತ್ತೇನೆ.

ಈಡನ್ ಪ್ರೇರಿಯಿಂದ
ಹಿರಿಯರ ವಿಷಯದಲ್ಲಿ ನನಗೆ ಹಿಮಕ್ಕಿಂತ ಹೆಚ್ಚು ಭಯ ಹಿಮ ಕರಗುವ ದಿನಗಳದ್ದು. ನಮ್ಮ ತಂದೆಯವರು ಬಂದಿದ್ದಾಗ ಆಕಾಶ ಶುಭ್ರವಾಗಿತ್ತು, ಹಿಂದಿನ ಮಧ್ಯಾಹ್ನ ಒಳ್ಳೆಯ ಬಿಸಿಲಿತ್ತು. ಮಾಡಿನ ಹಿಮ ಕರಗಿ, ಗೋಡೆಯ ಕೊಳವೆಯಿಂದ ಇಳಿದು, ಮನೆಯ ಮುಂದಿನ ಕಾಂಕ್ರೀಟಿನ ಮೇಲೆ ಅಡ್ಡಲಾಗಿ ಹರಿದಿದ್ದ ನೀರು ರಾತ್ರಿ ಹೆಪ್ಪುಗಟ್ಟಿತ್ತು. ಬೆಳಗಿನ ಆರೂವರೆಗೆ ಅದು ನೀರಿನ ಪಸೆಯಂತೆ ಕಾಣುತ್ತಿತ್ತೇ ಹೊರತು ಮಂಜುಗಡ್ಡೆಯಂತೆ ಅಲ್ಲ. ಊರಿನ ಅಭ್ಯಾಸದಂತೆ ಕ್ಯಾನ್ವಾಸ್ ಬೂಟು ಹಾಕಿ ವಾಕಿಂಗ್ ಹೊರಟವರು ಎರಡನೇ ಹೆಜ್ಜೆಗೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಇಲ್ಲಿನವರು ಬ್ಲ್ಯಾಕ್ ಐಸ್ ಎನ್ನುವುದು ಇದನ್ನೇ. ಹಗಲು ಸೊನ್ನೆಗಿಂತ ಮೇಲೆ, ರಾತ್ರಿ ಸೊನ್ನೆಗಿಂತ ಕೆಳಗೆ ಎಂದು ಮುನ್ಸೂಚನೆಯಲ್ಲಿ ಕಂಡ ದಿನವೆಲ್ಲ, ವಾಕಿಂಗನ್ನು ಹತ್ತು ಗಂಟೆಯ ನಂತರಕ್ಕೆ ಒಯ್ಯಿರಿ, ಅಥವಾ ಮಾಲ್‌ನ ಒಳಗೆ ನಡೆಯಲು ಕರೆದೊಯ್ಯಿರಿ. ಬೂಟಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಪ್ರವಾಸಿ ಆರೋಗ್ಯ ವಿಮೆಯನ್ನು ಅವರು ವಿಮಾನ ಹತ್ತುವ ಮೊದಲೇ ಮಾಡಿಸಿ. ಆ ಒಂದು ಕೆಲಸವನ್ನು ನಾವು ಮುಂದೂಡಿದ್ದೆವು.

ಕೆರೆಗಳ ವಿಷಯವನ್ನೂ ಸೇರಿಸುತ್ತೇನೆ. ಮಿನೆಟೊಂಕಾ ಸರೋವರದ ಮಂಜುಗಡ್ಡೆ ಸಾಮಾನ್ಯವಾಗಿ ಏಪ್ರಿಲ್ ನಡುವಿಗೆ ಒಡೆಯುತ್ತದೆ. ಅದಕ್ಕೆ ಮೊದಲಿನ ವಾರಗಳಲ್ಲಿ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಅದು ಕೊಳೆತ ಮರದಂತೆ ಟೊಳ್ಳಾಗಿರುತ್ತದೆ. ಫೋಟೋ ತೆಗೆಯಲೆಂದು ಯಾರನ್ನೂ ಅದರ ಮೇಲೆ ನಿಲ್ಲಿಸಬೇಡಿ.

ಮೂರ್‌ಹೆಡ್‌ನಿಂದ
ನೆಲಮಾಳಿಗೆಯ ಬಗ್ಗೆ ನಾನು ಹೇಳಬಲ್ಲೆ. ನಮ್ಮ ರೆಡ್ ನದಿ ಉತ್ತರಕ್ಕೆ ಹರಿಯುತ್ತದೆ. ದಕ್ಷಿಣದಲ್ಲಿ ಹಿಮ ಮೊದಲು ಕರಗಿ ನೀರು ಇತ್ತ ಬರುವಾಗ ಉತ್ತರದ ನದಿಪಾತ್ರ ಇನ್ನೂ ಹೆಪ್ಪುಗಟ್ಟಿರುತ್ತದೆ, ಬಯಲು ಸಮತಟ್ಟಾದ್ದರಿಂದ ನೀರಿಗೆ ಹೋಗಲು ಬೇರೆ ದಾರಿಯೂ ಇರುವುದಿಲ್ಲ. 2009ರ ಮಾರ್ಚ್ 28ರಂದು ಪಕ್ಕದ ಫಾರ್ಗೋದಲ್ಲಿ ನದಿ 40.84 ಅಡಿಗೆ ಏರಿದಾಗ ನಾವೂ ಮರಳಿನ ಚೀಲ ಹೊತ್ತೆವು. ಚಳಿಗೆ ಕಲ್ಲಾಗಿದ್ದ ಚೀಲಗಳು ಒಂದಕ್ಕೊಂದು ಕಚ್ಚಿ ಕೂರುತ್ತಿರಲಿಲ್ಲ. ಮುನ್ನೋಟದ ಅಂಕಿಯನ್ನು ಮಿತಿಯೆಂದು ತಿಳಿಯುವ ಅಪಾಯಕ್ಕೆ ಇದೇ ನದಿಯ ದಡದ ಗ್ರ್ಯಾಂಡ್ ಫೋರ್ಕ್ಸ್ ಊರಿನ 1997ರ ಪ್ರವಾಹ ಎಲ್ಲಕ್ಕಿಂತ ದೊಡ್ಡ ಉದಾಹರಣೆ: ಮುನ್ಸೂಚನೆ 49 ಅಡಿ ಎಂದಿತ್ತು, ಊರು ಅದನ್ನು ನಂಬಿ ಒಡ್ಡು ಏರಿಸಿತ್ತು, ಏಪ್ರಿಲ್ ಮೊದಲ ವಾರದ ಹಿಮಗಾಳಿಯ ಬಳಿಕ ನೀರು 54 ಅಡಿಯನ್ನೂ ದಾಟಿತು.

ನಿಮ್ಮ ಕಡೆ ಅಷ್ಟು ಭಯವಿಲ್ಲ. ಆದರೂ ಬಿಸಿ ಒಮ್ಮೆಗೇ ಏರಿ, ಅದರ ಜೊತೆಗೆ ಮಳೆಯೂ ಸುರಿದರೆ, ಕೆಳಗಿನ ಮಣ್ಣು ಇನ್ನೂ ಹೆಪ್ಪುಗಟ್ಟಿರುವುದರಿಂದ ನೀರು ಇಂಗದೆ ಗೋಡೆಯತ್ತ ಬರುತ್ತದೆ. ಹಗಲು ಕರಗಿ ರಾತ್ರಿ ಗಟ್ಟಿಯಾಗುವ ನಿಧಾನದ ವಸಂತವೇ ಮನೆಗೆ ಒಳ್ಳೆಯದು. ಈ ವಾರವೇ ನೆಲಮಾಳಿಗೆಯ ಸಂಪ್ ಗುಂಡಿಗೆ (ಒಳಬಂದ ನೀರು ಸೇರುವ, ಪಂಪ್ ಅದನ್ನು ಹೊರಹಾಕುವ ಗುಂಡಿ) ಒಂದು ಬಕೆಟ್ ನೀರು ಸುರಿಯಿರಿ. ತೇಲುಗುಂಡು ಮೇಲೆದ್ದು ಪಂಪ್ ತಾನಾಗಿ ಓಡಬೇಕು. ಓಡದಿದ್ದರೆ ಮನೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ.

ಡುಲೂತ್‌ನಿಂದ
ಏಪ್ರಿಲ್‌ನಲ್ಲಿ ಸುಪೀರಿಯರ್ ಸರೋವರದ ನೀರು ಹೆಪ್ಪುಗಟ್ಟುವ ಮಟ್ಟದಿಂದ ಸ್ವಲ್ಪವೇ ಮೇಲಿರುತ್ತದೆ. ಪೂರ್ವದ ಗಾಳಿ ಬೀಸಿದರೆ ಬೆಟ್ಟದ ಮೇಲೆ ಸ್ವೆಟರ್ ಸಾಕಾಗುವ ದಿನವೂ ಸರೋವರದ ದಡದ ಕೆನಾಲ್ ಪಾರ್ಕ್‌ನಲ್ಲಿ ಕಿವಿ ಮರಗಟ್ಟುತ್ತದೆ. ಪ್ರವಾಸವನ್ನು ಮೇ ಕೊನೆಗೆ ಇಟ್ಟುಕೊಳ್ಳಿ, ಆಗಲೂ ಗಾಳಿ ತಡೆಯುವ ಜಾಕೆಟ್ ಕಾರಿನಲ್ಲಿರಲಿ.

ರಾಚೆಸ್ಟರ್‌ನಿಂದ
ಅಮ್ಮನವರ ಹಿತ್ತಲಿಗೆ ಏಪ್ರಿಲ್ ಕೊನೆಯ ವಾರದಿಂದ ಮೆಂತ್ಯ, ಪಾಲಕ್, ಕೊತ್ತಂಬರಿ ಹಾಕಬಹುದು, ಅವು ಸಣ್ಣ ಚಳಿಯನ್ನು ತಡೆದುಕೊಳ್ಳುತ್ತವೆ. ಮೆಣಸಿನಕಾಯಿ, ಟೊಮೆಟೊ, ಬದನೆಯ ಬೀಜಗಳನ್ನು ಮಾರ್ಚ್‌ನಲ್ಲೇ ಕಿಟಕಿಯ ಬಳಿ ಕುಂಡದಲ್ಲಿ ಮೊಳೆಸಿ, ಮೇ ನಡುವಿನಲ್ಲಿ ದಿನಕ್ಕೆ ಒಂದೆರಡು ಗಂಟೆ ಹೊರಗಿಟ್ಟು ಪಳಗಿಸಿ, ಆಮೇಲೆ ನೆಲಕ್ಕಿಳಿಸಿ. 2012ರಲ್ಲಿ ಮಾರ್ಚ್‌ನ ಬಿಸಿಗೆ ಬೇಗ ಹೂಬಿಟ್ಟ ಸೇಬಿನ ಮರಗಳು ಏಪ್ರಿಲ್‌ನ ಹೆಪ್ಪುಗಟ್ಟುವ ರಾತ್ರಿಗಳಿಗೆ ಸಿಕ್ಕಿ, ಮಿಷಿಗನ್ ರಾಜ್ಯವು ಆ ವರ್ಷದ ಬೆಳೆಯಲ್ಲಿ ಸುಮಾರು ಶೇ 90 ಕಳೆದುಕೊಂಡಿತು. ಮರಕ್ಕೆ ಕಾಯುವ ದಾರಿಯಿರಲಿಲ್ಲ, ನಮಗಿದೆ. ಹುರುಳಿಕಾಯಿಗೆ ಮಣ್ಣು 15 ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ಬೆಚ್ಚಗಾಗಬೇಕು, ಇಲ್ಲದಿದ್ದರೆ ಬೀಜ ಕೊಳೆಯುತ್ತದೆ. ಅಡುಗೆಮನೆಯ ಥರ್ಮಾಮೀಟರನ್ನು ಬೆಳಿಗ್ಗೆ ಎರಡು ಇಂಚು ಆಳಕ್ಕೆ ಚುಚ್ಚಿ ನೋಡಿ. ಊರಿನಿಂದ ಅವರೆ ಬೀಜ ತರಿಸಬೇಡಿ. ಬೀಜ ತರುವುದಕ್ಕೆ ವಿಮಾನ ನಿಲ್ದಾಣದಲ್ಲಿ ನಿರ್ಬಂಧಗಳಿರುವುದು ಒಂದು ಕಾರಣವಾದರೆ, ಆ ಜಾತಿ ಹಗಲು ಗಿಡ್ಡವಾದ ಮೇಲೆಯೇ ಹೂಬಿಡುವುದರಿಂದ ಕಾಯಿ ಕಟ್ಟುವ ಮೊದಲೇ ಇಲ್ಲಿ ಮತ್ತೆ ಹೆಪ್ಪುಗಟ್ಟುವ ರಾತ್ರಿಗಳು ಬಂದುಬಿಡುತ್ತವೆ ಎಂಬುದು ಇನ್ನೊಂದು.