ಪದಚರ್ಚೆ: ಬೆಟ್ಟ ಇಳಿದವರ ಹೃದಯಕ್ಕೆ ‘ಚೇತರಿಕೆ’ ಸಾಕೇ?

ಮಡಿಕೇರಿಯಿಂದ:
ನಿವೃತ್ತ ಯೋಧರ ಆರೋಗ್ಯ ಶಿಬಿರಕ್ಕಾಗಿ ಒಂದು ಪುಟದ ತಿಳಿವಳಿಕೆ ಪತ್ರವನ್ನು ಕನ್ನಡಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕು. ಐದಾರು ಸಾವಿರ ಮೀಟರ್ ಎತ್ತರದಲ್ಲಿ ತಿಂಗಳುಗಟ್ಟಲೆ ಇದ್ದವರಲ್ಲಿ ಆಮ್ಲಜನಕದ ಕೊರತೆಯಿಂದ ಶ್ವಾಸಕೋಶದ ರಕ್ತನಾಳಗಳು ಬಿಗಿಯುವುದರಿಂದ, ಅಲ್ಲಿಗೆ ರಕ್ತ ತಳ್ಳುವ ಬಲಬದಿಯ ಹೃತ್ಕುಕ್ಷಿ (ಹೃದಯದ ಕೆಳಗಿನ ಕೋಣೆ) ಹಿಗ್ಗಿ ದಪ್ಪಗಾಗುತ್ತದೆ. ಕೆಳಗಿಳಿದ ಮೇಲೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದು ಮೊದಲಿನಂತಾಗುತ್ತದೆ. ಮೂಲದಲ್ಲಿ ಇದಕ್ಕೆ ‘ರಿವರ್ಸ್ ರಿಮಾಡೆಲಿಂಗ್’ ಎಂದಿದೆ. ‘ವಿಲೋಮ ಪುನಾರಚನೆ’ ಎಂದು ಬರೆದು ನಾನೇ ಹೊಡೆದುಹಾಕಿದೆ. ‘ಚೇತರಿಕೆ’ ಸಾಕೇ?

ಗೋಣಿಕೊಪ್ಪದಿಂದ:
‘ಹೃತ್ಕುಕ್ಷಿ’ ಬರೆದವರು ‘ವಿಲೋಮ’ಕ್ಕೆ ಅಂಜಿದ್ದೇಕೋ ತಿಳಿಯದು. ಗುಂಡಿಗೆ ಎಂಬ ಅಚ್ಚಗನ್ನಡ ಪದವಿರುವಾಗ ಹೃದಯವನ್ನು ಸಂಸ್ಕೃತದಿಂದ ಕಡ ತರಬೇಕಿಲ್ಲ. ಗುಂಡು, ಗುಂಡಗೆ, ಗುಂಡಿಗೆ: ಆಕಾರವೇ ಹೆಸರಾಗಿರಬೇಕು. ‘ಹಿಗ್ಗಿದ ಗುಂಡಿಗೆ ಮತ್ತೆ ಕುಗ್ಗುತ್ತದೆ’ ಎಂದು ಬರೆಯಿರಿ. ಮುಗಿಯಿತು.

ಸೋಮವಾರಪೇಟೆಯಿಂದ:
ಮುಗಿಯಲಿಲ್ಲ. ಪದದ ಹುಟ್ಟು ಇಲ್ಲಿ ಅಪ್ರಸ್ತುತ. ಗುಂಡಿಗೆ ಎಂದರೆ ಧೈರ್ಯವೂ ಹೌದು. ಮಾಜಿ ಸುಬೇದಾರರೊಬ್ಬರಿಗೆ, ಅದೂ ಕೊಡಗಿನಲ್ಲಿ, ‘ನಿಮ್ಮ ಗುಂಡಿಗೆ ಕುಗ್ಗುತ್ತದೆ’ ಎಂದು ಅಚ್ಚು ಹಾಕಿದ ಕಾಗದವನ್ನು ತಾವೇ ಕೈಯಾರೆ ಕೊಟ್ಟು ನೋಡಬೇಕು. ಇನ್ನು ‘ಸುಧಾರಿಸಿಕೊಳ್ಳುವುದು’ ಎನ್ನೋಣವೆಂದರೆ, ಅದು ಏರು ಹತ್ತಿ ಬಂದವನು ಜಗುಲಿಯಲ್ಲಿ ಕುಳಿತು ನೀರು ಕುಡಿಯುವಷ್ಟು ಹೊತ್ತಿನ ಮಾತು. ‘ಚೇತರಿಕೆ’ ಕಾಯಿಲೆಯಿಂದ ಎದ್ದವನದು. 1990ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ವರದಿ ಮಾಡಿದ, 5,800 ಮೀಟರಿಗೂ ಮೇಲಿದ್ದು ಮೈ ಊದಿಕೊಂಡು ಉಬ್ಬಸಪಟ್ಟ 21 ಭಾರತೀಯ ಸೈನಿಕರಿಗೆ ಆ ಪದ ಸಲ್ಲುತ್ತದೆ. ಯಾವ ತೊಂದರೆಯೂ ಕಾಣಿಸದೆ ಹೃದಯದ ಅಳತೆ ಮಾತ್ರ ಬದಲಾದವನನ್ನು ಅದು ಸುಮ್ಮನೆ ರೋಗಿಯಾಗಿಸುತ್ತದೆ. ನಮ್ಮಲ್ಲಿ ಜ್ವರ ಇಳಿಯುತ್ತದೆ, ಬಾವು ಇಳಿಯುತ್ತದೆ, ಒತ್ತಡವೂ ಇಳಿಯುತ್ತದೆ. ಆದರೆ ಆಮ್ಲಜನಕ ಸಿಕ್ಕೊಡನೆ ಇಳಿಯುವುದು ಶ್ವಾಸಕೋಶದ ರಕ್ತನಾಳಗಳ ಒತ್ತಡದ ಒಂದು ಭಾಗ ಮಾತ್ರ. ದಪ್ಪಗಾದ ನಾಳದ ಗೋಡೆ ತೆಳುವಾಗಲು ಕಾಲ ಬೇಕು. ಆದ್ದರಿಂದ ನಾಮಪದದ ಹಟ ಬಿಟ್ಟು, ‘ಒತ್ತಡ ಇಳಿಯುತ್ತ ಬಂದಂತೆ ಹೃದಯ ಹಿಂದಿನ ಅಳತೆಗೆ ಮರಳುತ್ತದೆ’ ಎಂದು ಬರೆಯಿರಿ. ‘ತಗ್ಗು ಪ್ರದೇಶಕ್ಕೆ ಬಂದ ಮೇಲೆ’ ಎಂದು ಮಾತ್ರ ಬರೆಯಬೇಡಿ. ಮಡಿಕೇರಿಯವರು ಘಟ್ಟ ಇಳಿದು ಸುಳ್ಯಕ್ಕೆ ಹೋಗಬೇಕೆಂದು ತಿಳಿದಾರು.

ಗೋಣಿಕೊಪ್ಪದಿಂದ:
ಹೃದಯ, ಪ್ರದೇಶ, ಆಮ್ಲಜನಕ: ಕಡದ ಪಟ್ಟಿ ಬೆಳೆಯುತ್ತಿದೆ.

ಸೋಮವಾರಪೇಟೆಯಿಂದ:
ಸಿಯಾಚಿನ್‌ನಲ್ಲಿ ಇದ್ದುಬಂದವರು ಆಕ್ಸಿಜನ್ ಎನ್ನುತ್ತಾರೆ. ಅದನ್ನೇ ಹಾಕಿದರೂ ನನ್ನ ತಕರಾರಿಲ್ಲ.

ಮಡಿಕೇರಿಯಿಂದ:
‘ಅಳತೆಗೆ ಮರಳುತ್ತದೆ’ ಎಂಬುದನ್ನೇ ಉಳಿಸಿಕೊಂಡೆ, ಆಕ್ಸಿಜನ್ ಕೂಡ ಸೇರಿತು. ಹೃತ್ಕುಕ್ಷಿಯನ್ನು ‘ಹೃದಯದ ಬಲ ಕೆಳಕೋಣೆ’ ಎಂದು ತಿದ್ದಿದ್ದೇನೆ; ಅಷ್ಟು ಗೋಣಿಕೊಪ್ಪದವರ ಪಾಲು.