ಮನೆಮಂದಿ ಗುಂಪಿನಲ್ಲಿ ಹೊಗೆಸೊಪ್ಪಿನ ಜಗಳ

ಇದು ನಮ್ಮ ಮನೆ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು. ಮೊದಲು ಹಾಕಿದ್ದು ಅತ್ತೆ.

ಅತ್ತೆ: ‘ಒಂದು ಕೈಯಲ್ಲಿ ಹೊಗೆಸೊಪ್ಪು ಮಾರುವ ಸರ್ಕಾರ, ಇನ್ನೊಂದು ಕೈಯಲ್ಲಿ ಸೇದಬೇಡಿ ಅಂತ ಜಾಹೀರಾತು! ಸಾವಿರಾರು ಕೋಟಿ ನೀರುಪಾಲು! ಎಲ್ಲರಿಗೂ ಕಳಿಸಿ.’

ಅತ್ತೆ: ನಾನು ಮೊದಲಿಂದ ಹೇಳುತ್ತಿದ್ದುದು ಇದೇ.

ಅಣ್ಣ: ಸಾವಿರಾರು ಕೋಟಿ ಅಂತ ಲೆಕ್ಕ ಹಾಕಿದವರು ಯಾರು? ಮೂಲ ಕೊಡಿ.

ದೊಡ್ಡಪ್ಪ: ಲೆಕ್ಕ ಯಾಕಪ್ಪ? ಮನಸ್ಸು ಗಟ್ಟಿ ಇದ್ದರೆ ಯಾರು ಬೇಕಾದರೂ ಬಿಡಬಹುದು. ಹಿರಿಯರ ಭಯ ಇಲ್ಲದಿದ್ದರೆ ಹೀಗೇ.

ಚಿಕ್ಕಪ್ಪ: ಇದು ನನಗೆ ಹೇಳಿದ್ದಾ?

ದೊಡ್ಡಪ್ಪ: ನಿನ್ನ ಹೆಸರು ಎತ್ತಿದೆನಾ?

ನಾನು: ಕೋಟಿ ಲೆಕ್ಕವನ್ನು ನಾನೂ ನಂಬುವುದಿಲ್ಲ. ಆದರೆ ಮೊದಲ ಸಾಲು ಸುಳ್ಳಲ್ಲ. ತಂಬಾಕು ಮಂಡಳಿ 1975ರ ಕಾಯ್ದೆಯಿಂದ ಹುಟ್ಟಿದ್ದು, ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗಿದೆ. ಬೆಳೆಗಾರರ ನೋಂದಣಿ, ಹರಾಜು, ರಫ್ತು, ಎಲ್ಲ ಅದರ ಕೆಲಸ. ಹುಣಸೂರು, ಪಿರಿಯಾಪಟ್ಟಣದ ಸೊಪ್ಪು ಬಿಕರಿಯಾಗುವುದು ಅದರ ಹರಾಜಿನಲ್ಲೇ. ಸಿಗರೇಟು ಮಾಡುವ ಐಟಿಸಿಯಲ್ಲಿ ಸರ್ಕಾರಿ ವಿಮಾ ಕಂಪನಿ ಎಲ್‌ಐಸಿಗೆ ಸುಮಾರು 15% ಪಾಲಿದೆ. ಇಷ್ಟೆಲ್ಲ ಇಟ್ಟುಕೊಂಡು ಸಿನಿಮಾ ಶುರುವಿನಲ್ಲಿ ಒಮ್ಮೆ, ನಡುವೆ ಒಮ್ಮೆ ಹೆದರಿಸುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ.

ಅಣ್ಣ: ಹಾಗಂತ ಪ್ರಚಾರವೆಲ್ಲ ದಂಡ ಅಲ್ಲ. ಸರ್ಕಾರದ ಸಮೀಕ್ಷೆ ನೋಡು. ತಂಬಾಕು ಬಳಸುವ ವಯಸ್ಕರು 2009-10ರಲ್ಲಿ 34.6%, 2016-17ರಲ್ಲಿ 28.6%.

ನಾನು: ಇಳಿದದ್ದು ಒಳ್ಳೆಯದೇ. ಜಾಹೀರಾತಿನಿಂದಲೇ ಇಳಿಯಿತು ಅಂತ ಹೇಗೆ ಹೇಳುತ್ತೀಯ? ಆ ನಡುವೆ 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. 2016ರಲ್ಲಿ ಪ್ಯಾಕಿನ 85% ಜಾಗಕ್ಕೆ ಎಚ್ಚರಿಕೆ ಬಂತು. ಇನ್ನೊಂದು, ಅದೇ 2016-17ರ ಸಮೀಕ್ಷೆಯಲ್ಲಿ ಸೇದುವವರು 10.7%, ಹೊಗೆ ಇಲ್ಲದ ತಂಬಾಕು ಬಳಸುವವರು 21.4%. ದೊಡ್ಡಮ್ಮ, ಎಲೆಯಡಿಕೆ ಜೊತೆ ನೀವು ಹಾಕಿಕೊಳ್ಳುವುದೂ ಅದೇ. ನನಗೆ ನಿಜವಾಗಿ ಭಯವಾಗುತ್ತದೆ.

ದೊಡ್ಡಮ್ಮ: ನನ್ನ ಬಾಯಿ ಸುದ್ದಿ ಗುಂಪಿನಲ್ಲಿ ಯಾಕೆ? ನಿನ್ನ ಅಮ್ಮ ಹೀಗೆ ಎದುರು ಮಾತಾಡಿದವಳಲ್ಲ.

ಅತ್ತೆ ಮಗಳು: ಹುಣಸೂರು ಅಂದ ಕೂಡಲೇ ಅಜ್ಜನ ಬ್ಯಾರನ್, ಬೆಂಕಿಯ ಕಾವಿಗೆ ಸೊಪ್ಪು ಒಣಗಿಸುವ ಆ ಮನೆ, ಕಣ್ಣಿಗೆ ಬಂತು! ನಾವೆಲ್ಲ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದೆವು. ರಾತ್ರಿ ಅಜ್ಜ ಎದ್ದೆದ್ದು ಸೌದೆ ಒಟ್ಟುತ್ತಿದ್ದರು. ಉರಿ ಸ್ವಲ್ಪ ಜಾಸ್ತಿಯಾದರೂ ಸೊಪ್ಪು ಕೆಟ್ಟಿತು ಅಂತ ಗೋಳಾಡುತ್ತಿದ್ದರು. ಫೋಟೋ ಯಾರ ಹತ್ತಿರ ಇದೆ?

ಅತ್ತೆ: ಆ ಬ್ಯಾರನ್ ಪಾಲಾಗುವಾಗ ನನ್ನನ್ನು ಯಾರೂ ಕೇಳಲಿಲ್ಲ.

ದೊಡ್ಡಪ್ಪ: ಈಗ ಆ ವಿಷಯ ಯಾಕೆ?

ಆಮೇಲೆ ಸುಮಾರು ಹೊತ್ತು ಪಾಲಿನ ಮಾತೇ ಆಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ನಾನು: ಎಲ್ಲರೂ ಒಂದು ನಿಮಿಷ ಕೇಳಿ. ಬೆಳೆಯುವವರಿಗೆ ಬೇರೆ ಬೆಳೆಯ ದಾರಿ ತೋರಿಸಲಿ. ಬಿಡಬೇಕು ಅನ್ನುವವರ ಜೊತೆ ಕೂತು ಮಾತಾಡಲಿ. ದುಡ್ಡು ಅದಕ್ಕೆ ಹೋಗಬೇಕು, ಅಲ್ವಾ? ಸಿಗರೇಟು ಪ್ಯಾಕಿನ ಮೇಲೆ, ಬಿಡುವವರ ಸಹಾಯಕ್ಕೆ, 1800-11-2356 ಅಂತ ನಂಬರ್ ಇದೆ. ಚಿಕ್ಕಪ್ಪ, ಯಾವತ್ತಾದರೂ ಫೋನ್ ಮಾಡಿದ್ದೀರಾ?

ಚಿಕ್ಕಪ್ಪ: ಮಾಡಿದ್ದೆ. ಮೂರು ವಾರ ಬಿಟ್ಟೂ ಇದ್ದೆ. ಯಾರಿಗೂ ಹೇಳಿರಲಿಲ್ಲ.

ಅತ್ತೆ: ಆಮೇಲೆ?

ಚಿಕ್ಕಪ್ಪ: ನನ್ನ ಅಣ್ಣನ, ಅಂದರೆ ನಿಮ್ಮ ದೊಡ್ಡಪ್ಪನ, ಮಗನ ಮದುವೆ ಬಂತು. ಬೀಗರ ಕಡೆಯವರಿಗೆ ಅಂತ ತರಿಸಿದ್ದ ಪ್ಯಾಕನ್ನು ಅಣ್ಣನೇ ನನ್ನ ಕೈಗೆ ಕೊಟ್ಟ.

ದೊಡ್ಡಪ್ಪ: ಹಂಚು ಅಂತ ಕೊಟ್ಟಿದ್ದು. ಸೇದು ಅಂದೆನಾ?